ಮಾವನ ಅಳತೆಯ ಮೆಟ್ಟು

ಶಿಷ್ಯ ಮುರಿಗೆಯ್ಯ ಒಂದು ದಿನ ಗುರುಗಳನ್ನು ಕೇಳಿದ: “ನೀವು ಮಾಡುವ ಉಪವಾಸವನ್ನೇ ನಾನೂ ಮಾಡುತ್ತಿದ್ದೇನೆ. ನೀವು ಹಿಡಿಯುವ ಮೌನವನ್ನೇ ಹಿಡಿದಿದ್ದೇನೆ. ಮೂರು ವರ್ಷದಲ್ಲಿ ಮೈ ಸೊರಗಿತೇ ಹೊರತು ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ವ್ರತವನ್ನು ಇನ್ನೂ ಬಿಗಿ ಮಾಡಲೇ?”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಲ್ಲುಬೆಟ್ಟಗಳ ಸೀಮೆಯಲ್ಲಿ ಓಬಯ್ಯನೆಂಬವನಿದ್ದ. ಬಂಡೆ ಹತ್ತಿ ಹೆಜ್ಜೇನು ಕೀಳುವುದು ಅವನ ಕಸುಬು. ಬೆಟ್ಟದ ನೆತ್ತಿಯ ಕೆಳಗೆ ಬಂಡೆ ಮುಂದಕ್ಕೆ ಚಾಚಿಕೊಂಡಿರುವಲ್ಲಿ ಜೇನುಹುಟ್ಟುಗಳು ತೂಗುತ್ತಿದ್ದವು. ಅಲ್ಲಿ ಕಾಲೂರಲು ಬೆರಳಗಲದ ಅಂಚು ಮಾತ್ರ. ಆ ಜಾಗಕ್ಕೆಂದೇ ಓಬಯ್ಯ ಒಂದು ಜೊತೆ ಚರ್ಮದ ಮೆಟ್ಟು ಹೊಲಿಸಿಕೊಂಡಿದ್ದ. ಪಾದದಡಿಗೆ ತೆಳುವಾದ ಅಟ್ಟೆ, ಕಾಲ್ಬೆರಳು ಒಳಗೆ ಮಡಿಸಿಕೊಳ್ಳುವಷ್ಟು ಬಿಗಿ.

ಅವನ ಮಗಳನ್ನು ಮದುವೆಯಾದ ಬೊಮ್ಮನಿಗೂ ಅದೇ ಕಸುಬು ಕಲಿಯುವ ಆಸೆ. ಅವನು ಮೆಟ್ಟು ಹೊಲಿಯುವ ಅಜ್ಜನ ಬಳಿ ಹೋಗಿ, ಮಾವನಿಗೆ ಹೊಲಿದಂಥದ್ದೇ ತನಗೂ ಬೇಕೆಂದ. ಕಾಲು ಚಾಚು, ಅಳತೆ ತೆಗೆಯುತ್ತೇನೆ ಎಂದ ಅಜ್ಜ. ಯಾವ ಬಂಡೆ ಹತ್ತುತ್ತೀ ಎಂದೂ ಕೇಳಿದ. ಬೊಮ್ಮನಿಗೆ ಅದು ಸರಿಬೀಳಲಿಲ್ಲ. ಈ ಸೀಮೆಯಲ್ಲಿ ಮಾವನಂತೆ ಹತ್ತುವವರಿಲ್ಲ, ಅವರ ಅಳತೆಯೇ ಇರಲಿ ಎಂದು ಹಟ ಹಿಡಿದ. ಅಜ್ಜ ಎರಡು ಸಲ ಹೇಳಿ ನೋಡಿದ. ಆಮೇಲೆ ಸುಮ್ಮನೆ ಹೊಲಿದುಕೊಟ್ಟ.

ಮೆಟ್ಟು ಕಚ್ಚಿತು. ನೋವು ಹೆಚ್ಚಿದಷ್ಟೂ ತಾನು ಮಾವನಿಗೆ ಹತ್ತಿರವಾದೆನೆಂದು ಬೊಮ್ಮ ಹಿಗ್ಗಿದ. ಮೊದಲ ಸಲ ಬಂಡೆ ಹತ್ತುವ ದಿನ ಮನೆಯಿಂದಲೇ ಅದನ್ನು ಮೆಟ್ಟಿಕೊಂಡು ಬೆಟ್ಟದ ಬುಡದವರೆಗೆ ನಡೆದ. ಓಬಯ್ಯ ಆಗಲೇ ಹಿಂಬದಿಯ ದಾರಿಯಿಂದ ನೆತ್ತಿಗೆ ಹೋಗಿ ಹಗ್ಗ ಇಳಿಬಿಟ್ಟು ಹಿಡಿದುಕೊಂಡಿದ್ದ. ಅದನ್ನು ಸೊಂಟಕ್ಕೆ ಬಿಗಿದುಕೊಂಡು ಬೊಮ್ಮ ಹತ್ತತೊಡಗಿದ. ಅರ್ಧ ಹತ್ತುವಷ್ಟರಲ್ಲಿ ಬೆರಳುಗಳು ಜೋಮು ಹಿಡಿದವು. ಕಾಲ ಕೆಳಗೆ ಕಲ್ಲಿದೆಯೋ ಇಲ್ಲವೋ ತಿಳಿಯಲಿಲ್ಲ. ಇದೆ ಎಂದುಕೊಂಡು ಮೈಭಾರ ಬಿಟ್ಟ. ಇರಲಿಲ್ಲ.

ಹಗ್ಗ ಸರ್ರನೆ ಜಾರಿತು. ಓಬಯ್ಯನ ಎರಡೂ ಅಂಗೈ ಸುಲಿದುಹೋದವು. ಅವನು ಹಗ್ಗ ಬಿಡಲಿಲ್ಲ. ತೂಗಾಡುತ್ತಿದ್ದ ಅಳಿಯನನ್ನು ಮೆಲ್ಲಗೆ ಬುಡಕ್ಕೆ ಇಳಿಸಿ, ತಾನು ಹಿಂಬದಿಯಿಂದ ಓಡಿಬಂದ. ಸುಲಿದ ಕೈಯಲ್ಲೇ ಅಳಿಯನ ಮೆಟ್ಟು ಕಳಚಿದ. ಉಗುರುಗಳು ಕಪ್ಪಾಗಿದ್ದವು. ಹಿಮ್ಮಡಿಯಲ್ಲಿ ರಕ್ತ.

“ಇದನ್ನು ಎಲ್ಲಿಂದ ಮೆಟ್ಟಿಕೊಂಡು ಬಂದೆ?”

“ಮನೆಯಿಂದ, ಮಾವ. ನೀವು ಮೆಟ್ಟಿದ್ದನ್ನು ನೋಡಿದ್ದೆ.”

“ನಾನು ಕೊನೆಯ ಇಪ್ಪತ್ತು ಮೊಳಕ್ಕೆ ಮಾತ್ರ ಮೆಟ್ಟುತ್ತೇನೆ. ಉಳಿದ ಬಂಡೆಯನ್ನೆಲ್ಲ ಬರಿಗಾಲಲ್ಲೇ ಹತ್ತುವುದು. ಅದನ್ನು ನೋಡಲಿಲ್ಲವೇ?”

ಮಾವನ ಅಂಗೈ ಕಂಡು ಬೊಮ್ಮನಿಗೆ ಅಳು ಬಂತು. ಆ ವರ್ಷ ಓಬಯ್ಯನಿಗೆ ಒಂದು ಹುಟ್ಟನ್ನೂ ಕೀಳಲಾಗಲಿಲ್ಲ.

ಗಾಯ ಮಾಗಿದ ಮೇಲೆ ಬೊಮ್ಮ ಮತ್ತೆ ಅಜ್ಜನ ಬಳಿ ಹೋಗಿ ಕಾಲು ಚಾಚಿದ. ಅಜ್ಜ ಆಗ ಅಳತೆ ತೆಗೆಯಲಿಲ್ಲ. ಬೆಳಗಿನ ಪಾದ ಬೇರೆ, ದಣಿದ ಪಾದ ಬೇರೆ, ದಿನವೆಲ್ಲ ನಡೆದು ಸಂಜೆ ಬಾ ಎಂದು ಕಳಿಸಿದ. ಸಂಜೆ ಊದಿದ ಪಾದವನ್ನು ಚರ್ಮದ ಮೇಲೆ ಇಡಿಸಿ ಗೆರೆ ಎಳೆದ. ಹೊಲಿದ ಮೇಲೆ ಹಿತ್ತಲಿನ ಗುಂಡುಕಲ್ಲಿಗೆ ಹತ್ತಿಸಿ, ಹಿಮ್ಮಡಿ ಜಾರುತ್ತದೆಯೇ, ಬೆರಳಿಗೆ ಕಲ್ಲು ತಿಳಿಯುತ್ತದೆಯೇ ಎಂದು ಕೇಳಿ ಕೇಳಿ ಎರಡು ಸಲ ಬಿಚ್ಚಿ ಹೊಲಿದ. ಕೊನೆಗೆ ಮೆಟ್ಟು ಪಾದವನ್ನು ಹಿಡಿದು ಕೂತಿತು, ಕಚ್ಚಲಿಲ್ಲ. ಅದು ಮಾವನದಕ್ಕಿಂತ ಒಂದು ಬೆರಳು ಉದ್ದವಿತ್ತು. ಅಟ್ಟೆಯೂ ದಪ್ಪ. ಅದನ್ನು ಮೆಟ್ಟಿ ಬೊಮ್ಮ ಎರಡು ವರ್ಷ ಸಣ್ಣ ಬಂಡೆಗಳನ್ನೇ ಹತ್ತಿದ. ಮೂರನೆಯ ವರ್ಷ ಹೆಜ್ಜೇನಿನ ಬಂಡೆಗೆ ಹೋದ. ಜೇನು ಕಿತ್ತುಕೊಂಡು ಕ್ಷೇಮವಾಗಿ ಇಳಿದುಬಂದ.

ಕತೆ ಕೇಳಿ ಮುರಿಗೆಯ್ಯನ ಮನಸ್ಸು ಹಗುರಾಯಿತು. ಅವನು ಕೈಮುಗಿದು, “ಹಾಗಾದರೆ ನನಗೆ ಸರಿಹೊಂದುವ ಅಳತೆ ಯಾವುದೆಂದು ನೀವೇ ಹೇಳಿಬಿಡಿ” ಎಂದ.

ಗುರುಗಳು ಹೇಳಿದರು: “ದಿನವೂ ನನ್ನ ಪಾದ ಮುಟ್ಟುತ್ತೀಯಲ್ಲ, ನಿನ್ನ ಪಾದವನ್ನು ಒಮ್ಮೆಯಾದರೂ ನೋಡಿಕೊಂಡಿದ್ದೀಯಾ?”