ಕುಂಬಳದ ಎಲೆ ಮಧ್ಯಾಹ್ನ ತಲೆ ಬಾಗಿಸುವುದೇಕೆ

ಹೊಸ ಮಡಕೆಯಂತೆ ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲವದು. ತಾನು ಎತ್ತ ಹರಿಯಬೇಕೆಂಬುದು ಹೊಳೆಗೆ ಆಗಷ್ಟೇ ತಿಳಿದಿತ್ತು. ಎಲ್ಲರೂ ಮಾತನಾಡುತ್ತಿದ್ದರು. ಹೊಳೆ ಮಾತನಾಡುತ್ತಿತ್ತು. ಗಾಳಿ ಮಾತನಾಡುತ್ತಿತ್ತು. ಮಣ್ಣಿನೊಳಗಿನ ಎರೆಹುಳುವೂ ಮಾತನಾಡುತ್ತಿತ್ತು. ಅದನ್ನು ಕೇಳಬೇಕಾದರೆ ಮಾತ್ರ ಬಗ್ಗಬೇಕಿತ್ತು.

ಆ ಹೊಳೆಯ ದಡದಲ್ಲಿ ಲಕ್ಕಜ್ಜಿಯ ತರಕಾರಿ ತೋಟವಿತ್ತು. ಲೋಕದ ಮೊದಲನೆಯ ತೋಟ ಅದೇ.

ಲಕ್ಕಜ್ಜಿ ಅಚ್ಚುಕಟ್ಟಿನ ಹೆಂಗಸು. ಅವಳ ಸಾಲು ಎಂದರೆ ಸಾಲು. ಒಂದು ಬೆಂಡೆಗಿಡವೂ ಒಂದು ಬೆರಳಿನಷ್ಟು ಆಚೆ ಈಚೆ ಇರುವಂತಿಲ್ಲ. ಬೆಳಿಗ್ಗೆ ಎದ್ದೊಡನೆ ಮನೆ ಗುಡಿಸುವಳು. ಅನಂತರ ಅಂಗಳ. ಅನಂತರ ಅದೇ ಪೊರಕೆ ಹಿಡಿದು ತೋಟದ ಮಡಿಗಳನ್ನೂ ಗುಡಿಸುವಳು. ಒಂದು ತರಗೆಲೆ, ಒಂದು ಒಣಕಡ್ಡಿ ಉಳಿಯಬಾರದು. ಗುಡಿಸಿದ್ದನ್ನೆಲ್ಲ ಹಿತ್ತಿಲಲ್ಲಿ ನೀಟಾಗಿ ಗುಡ್ಡೆ ಹಾಕುವಳು.

ಗಾಳಿ ಅವಳನ್ನು ಕೆಣಕುತ್ತಿತ್ತು. "ಏನಜ್ಜಿ, ಗುಡಿಸಿದ್ದಾಯಿತು. ಇನ್ನು ಮಣ್ಣಿಗೆ ತಲೆ ಬಾಚಿ ಜಡೆ ಹಾಕುತ್ತೀಯೇನು?"

"ಮೊದಲು ನೀನು ಕಸ ತರುವುದನ್ನು ನಿಲ್ಲಿಸು," ಎನ್ನುವಳು ಲಕ್ಕಜ್ಜಿ. "ಆಮೇಲೆ ನನ್ನ ಪೊರಕೆಯ ಮಾತು."

ತೋಟ ಮಾಡುವ ಮೊದಲು ಭೂಮಿತಾಯಿ ಅವಳಿಗೆ ಬೀಜ ಕೊಟ್ಟಿದ್ದಳು. ಹರಿವೆಯ ಬೀಜ ಒಂದು ಬೊಗಸೆ. ಬೆಂಡೆಯ ಬೀಜ ಒಂದು ಹಿಡಿ. ಬದನೆಯದು ಒಂದು ಚಿಟಿಕೆ. ಕುಂಬಳದ ಬೀಜ ಮಾತ್ರ ಒಂದೇ ಒಂದು.

"ನನ್ನಲ್ಲಿರುವುದು ಇದೊಂದೇ, ಲಕ್ಕವ್ವ," ಎಂದಿದ್ದಳು ಭೂಮಿತಾಯಿ. "ಇದರ ಬಳ್ಳಿಯಲ್ಲಿ ಒಂದು ಕಾಯಿ ಬಲಿತರೆ ಲೋಕಕ್ಕೆಲ್ಲ ಕುಂಬಳ. ಬಲಿಯದೆ ಹೋದರೆ, ಕುಂಬಳವೆಂಬುದೇ ಇಲ್ಲ."

ಲಕ್ಕಜ್ಜಿ ಆ ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿ ತಂದು ಬಿತ್ತಿದಳು. ಬಳ್ಳಿ ಹಬ್ಬಿತು. ಮೊರದಷ್ಟು ಅಗಲದ ಎಲೆಗಳು ಬಂದವು. ಹಳದಿ ಹೂ ಬಂತು. ಹೂವಿನ ಹಿಂದೆ ಒಂದೇ ಒಂದು ಮಿಡಿ ನಿಂತಿತು. ಹಾಲುಗೂಸಿನ ಮುಷ್ಟಿಯಷ್ಟು ದೊಡ್ಡದು, ಮೈತುಂಬ ಮೆತ್ತನೆಯ ರೋಮ.

ಆ ಕಾಲದಲ್ಲಿ ಸೂರ್ಯನ ಆಜ್ಞೆಯೊಂದಿತ್ತು. "ಬೆಳಕು ಕೊಡುವವನು ನಾನು. ಕೊಟ್ಟದ್ದನ್ನು ಎದುರು ನಿಂತು ತೆಗೆದುಕೊಳ್ಳಬೇಕು. ನಾನು ಬಾನಿನಲ್ಲಿರುವ ತನಕ ಯಾವ ಎಲೆಯೂ ತಲೆ ಬಾಗಿಸತಕ್ಕದ್ದಲ್ಲ. ಬಾಗಿಸಿದ ಎಲೆಗೆ ಮರುದಿನ ಬೆಳಕಿಲ್ಲ."

ಎಲ್ಲ ಎಲೆಗಳೂ ಅದನ್ನು ಪಾಲಿಸಿದವು. ಬೆಳಗಿನಿಂದ ಸಂಜೆಯವರೆಗೆ ನೆಟ್ಟಗೆ ನಿಂತವು.

ಆಮೇಲೆ ಲೋಕದ ಮೊದಲನೆಯ ಬೇಸಗೆ ಬಂತು.

ಹೊಳೆ ದಡ ಬಿಟ್ಟು ನಡುವಿಗೆ ಸರಿಯಿತು. ಗುಡಿಸಿ ಗುಡಿಸಿ ಬೋಳಾಗಿದ್ದ ಮಡಿಗಳು ರೊಟ್ಟಿಯ ಹೆಂಚಿನಂತೆ ಕಾದವು. ಹರಿವೆಯದು ಚಿಕ್ಕ ಎಲೆ, ಬದನೆಯದು ದಪ್ಪ ಎಲೆ. ಅವು ಹೇಗೋ ತಾಳಿಕೊಂಡವು. ಕುಂಬಳದ್ದು ಮೊರದಂಥ ಎಲೆ. ದೊಡ್ಡ ಎಲೆಗೆ ಬಾಯಾರಿಕೆಯೂ ದೊಡ್ಡದು. ಬೇರು ಕಳುಹಿಸಿದ ನೀರನ್ನೆಲ್ಲ ಎಲೆಗಳೇ ಕುಡಿದವು. ಕುಡಿದದ್ದನ್ನು ಬಿಸಿಲು ಹೀರಿಕೊಂಡಿತು.

ಮೊದಲ ದಿನ ಮಧ್ಯಾಹ್ನ ಮಿಡಿ ಕೂಗಿತು. "ಅಮ್ಮಾ, ನೀರು ನನ್ನ ತನಕ ಬರುತ್ತಿಲ್ಲ."

"ಸ್ವಲ್ಪ ತಡೆದುಕೋ, ಕಂದ," ಎಂದಿತು ಬಳ್ಳಿ. "ಸೂರ್ಯ ನೋಡುತ್ತಿದ್ದಾನೆ." ಎಲೆಗಳು ನೆಟ್ಟಗೆ ನಿಂತೇ ಇದ್ದವು.

ಎರಡನೆಯ ದಿನ ಮಧ್ಯಾಹ್ನ ಮಿಡಿ ಮತ್ತೆ ಕೂಗಿತು. ಈ ಸಲ ದನಿ ಸಣ್ಣದಾಗಿತ್ತು. "ಅಮ್ಮಾ, ತೊಟ್ಟು ಒಣಗುತ್ತಿದೆ."

"ಸ್ವಲ್ಪ ತಡೆದುಕೋ, ಕಂದ. ಸೂರ್ಯ ನೋಡುತ್ತಿದ್ದಾನೆ." ಎಲೆಗಳು ನೆಟ್ಟಗೆ ನಿಂತೇ ಇದ್ದವು.

ಮೂರನೆಯ ದಿನ ಮಧ್ಯಾಹ್ನ ಮಿಡಿ ಕೂಗಲಿಲ್ಲ.

"ಕಂದ?" ಎಂದಿತು ಬಳ್ಳಿ.

ಬಳ್ಳಿ ತೊಟ್ಟನ್ನು ಮೆಲ್ಲನೆ ಅಲುಗಿಸಿತು.

"ಕಂದ?"

ಮಿಡಿಯ ಮೈ ಹಳದಿ ತಿರುಗುತ್ತಿತ್ತು. ಆಗ ಬಳ್ಳಿ ಆಜ್ಞೆಯನ್ನು ಮರೆಯಲಿಲ್ಲ, ನೆನಪಿದ್ದೂ ಮೀರಿತು. ತನ್ನ ಅಷ್ಟೂ ಎಲೆಗಳನ್ನು ಒಂದೇ ಸಲ ಬಾಗಿಸಿತು. ಎಲೆಗಳ ಅಂಚು ಕೆಳಕ್ಕೆ ಮಡಚಿಕೊಂಡಿತು. ಎಲೆಗಳ ಮೈಯ ಸಣ್ಣ ಸಣ್ಣ ಬಾಯಿಗಳೆಲ್ಲ ಮುಚ್ಚಿಕೊಂಡವು. ಬಿಸಿಲಿಗೆ ಹೀರಲು ಏನೂ ಉಳಿಯಲಿಲ್ಲ. ಮೇಲಕ್ಕೆ ಹೋಗುತ್ತಿದ್ದ ನೀರು ನಿಂತಿತು, ತಿರುಗಿತು, ತೊಟ್ಟಿನೊಳಕ್ಕೆ ಮೆಲ್ಲನೆ ಇಳಿಯಿತು.

"ಅಮ್ಮಾ," ಎಂದಿತು ಮಿಡಿ, ಬಹಳ ಹೊತ್ತಿನ ಮೇಲೆ. "ನೆರಳು ಬಂತು."

ಇತ್ತ ಲಕ್ಕಜ್ಜಿ ಬಾಗಿಲಿಗೆ ಬಂದಳು. ನೋಡಿದಳು. ಲೋಕದ ಒಂದೇ ಒಂದು ಕುಂಬಳದ ಬಳ್ಳಿ ನೆಂದ ಬಟ್ಟೆಯಂತೆ ಜೋತುಬಿದ್ದಿತ್ತು.

ಅವಳು ಕೊಡ ಎತ್ತಿಕೊಂಡು ಹೊಳೆಗೆ ಓಡಿದಳು. ತುಂಬಿಸಿದಳು. ಓಡಿ ಬಂದಳು. ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಕಾದ ಮಣ್ಣಿನ ಮೇಲೆ, ಕೊಡ ಬಗ್ಗಿಸಿದಳು.

ಚುಂಯ್ ಎಂದಿತು ಮಣ್ಣು. ಹಬೆ ಎದ್ದಿತು. ಮೇಲುಮೇಲಿನ ಎಳೆಬೇರುಗಳು ಚೀರಿದವು.

"ಅಜ್ಜೀ! ನಿಲ್ಲಿಸು! ಬೇಯಿಸುತ್ತಿದ್ದೀಯೆ!"

ಕೂಗಿದ್ದು ಎರೆಹುಳು. ಬಿಸಿಲಿಗೆ ಬಂದರೆ ಅದರ ಮೈ ಒಣಗುತ್ತದೆ. ಆದರೂ ಬಂದಿತ್ತು. ಲಕ್ಕಜ್ಜಿ ಕೊಡ ನೆಟ್ಟಗೆ ಮಾಡಿ ಬಗ್ಗಿದಳು.

"ಬಳ್ಳಿ ಸಾಯುತ್ತಿದೆ, ಕಾಣುವುದಿಲ್ಲವೆ ನಿನಗೆ?"

"ಕಾಣುವುದಿಲ್ಲ. ನನಗೆ ಕಣ್ಣಿಲ್ಲ."

"ಕಣ್ಣಿಲ್ಲದವನು ನನಗೆ ಬುದ್ಧಿ ಹೇಳಲು ಬಂದೆಯಾ?"

"ಕಣ್ಣಿಲ್ಲ, ಅದಕ್ಕೇ ಎಲೆ ನೋಡಿ ಹೆದರುವುದಿಲ್ಲ," ಎಂದಿತು ಎರೆಹುಳು. "ನಾನು ಕೆಳಗಿನವನು. ನಿನ್ನೆ ಸಂಜೆ ನೀನು ಹೊಯ್ದ ನೀರು ಒಂದು ಗೇಣು ಆಳದಲ್ಲಿ ಇನ್ನೂ ಇದೆ. ಕೈಯಿಟ್ಟು ನೋಡು."

ಲಕ್ಕಜ್ಜಿ ಬೆರಳಿನಿಂದ ಮಣ್ಣು ಬಗೆದಳು. ಮೇಲೆ ಸುಟ್ಟಿತು. ಕೆಳಗೆ ತಂಪಿತ್ತು, ತೇವವಿತ್ತು.

"ಹಾಗಾದರೆ ಬಳ್ಳಿ ಏಕೆ ಬಾಗಿದೆ?"

"ಅದಕ್ಕೆ ಅದರ ಕಾರಣವಿದೆ. ಸಂಜೆಯ ತನಕ ಕಾಯಿ. ಇನ್ನೊಂದು ಮಾತು, ಅಜ್ಜಿ. ಬೇಸರಪಡಬೇಡ. ಆ ನಿನ್ನ ಪೊರಕೆ ಇದೆಯಲ್ಲ…"

"ಏನಾಯಿತು ನನ್ನ ಪೊರಕೆಗೆ?"

"ಪೊರಕೆಗೆ ಏನೂ ಆಗಿಲ್ಲ. ಆದದ್ದು ನಮಗೆ. ತರಗೆಲೆ ಕಸವಲ್ಲ, ಮಣ್ಣಿನ ಹೊದಿಕೆ. ದಿನವೂ ಬೆಳಿಗ್ಗೆ ನಮ್ಮ ಹೊದಿಕೆ ಕಿತ್ತುಕೊಂಡು ಹೋಗುತ್ತೀಯೆ."

ತಪ್ಪು ತಿಳಿದ ಮೇಲೆ ವಾದ ಮಾಡುವ ಹೆಂಗಸಲ್ಲ ಲಕ್ಕಜ್ಜಿ. ಹಿತ್ತಿಲಿಗೆ ಹೋದಳು. ತಾನೇ ಗುಡಿಸಿ ಗುಡ್ಡೆ ಹಾಕಿದ್ದ ತರಗನ್ನು ಮೊರದಲ್ಲಿ ತುಂಬಿ ತಂದಳು. ಬಳ್ಳಿಯ ಬುಡಕ್ಕೆ, ಬದನೆಯ ಬುಡಕ್ಕೆ, ಬೆಂಡೆಯ ಸಾಲಿಗೆ ನಾಲ್ಕು ಬೆರಳು ದಪ್ಪ ಹಾಸಿದಳು.

"ಕಸ ತರಬೇಡ ಎಂದಿದ್ದೆಯಲ್ಲಜ್ಜಿ," ಎಂದಿತು ಗಾಳಿ.

"ಬಾಯಿ ಮುಚ್ಚಿಕೊಂಡು ಹೊರು," ಎಂದಳು ಲಕ್ಕಜ್ಜಿ. ಗಾಳಿ ನಗುತ್ತ ಹೊತ್ತಿತು.

ಅಷ್ಟರಲ್ಲಿ ಸೂರ್ಯ ನೋಡಿಬಿಟ್ಟನು.

"ಕುಂಬಳವೇ!" ಎಂದನು. ತೋಟದ ಉಳಿದ ಎಲೆಗಳು ಇನ್ನಷ್ಟು ನೆಟ್ಟಗಾದವು. "ಎಲ್ಲರೂ ನಿಂತಿದ್ದಾರೆ. ನೀನೇಕೆ ಬಾಗಿದ್ದೀಯೆ?"

"ಮಗುವಿಗೆ ನೆರಳು ಬೇಕಿತ್ತು," ಎಂದಿತು ಬಳ್ಳಿ.

"ಆಜ್ಞೆ ತಿಳಿದಿದೆಯೆ?"

"ತಿಳಿದಿದೆ. ನಾಳೆ ನನಗೆ ಬೆಳಕಿಲ್ಲ. ಆದರೆ ಇವತ್ತು ಮಗು ಉಳಿಯಬೇಕು."

"ಎಲೆ ಎತ್ತು. ಆ ಮಗುವನ್ನು ನಾನು ನೋಡಬೇಕು."

"ಎತ್ತಲಾರೆ," ಎಂದಿತು ಬಳ್ಳಿ. "ಈ ಹೊತ್ತಿನಲ್ಲಿ ನೀನು ನೋಡಿದ್ದೆಲ್ಲ ಸುಡುತ್ತದೆ."

ಹಾಗೆಂದು ಸೂರ್ಯನಿಗೆ ಯಾರೂ ಹೇಳಿರಲಿಲ್ಲ. ತಾನು ಕೊಡುತ್ತಿದ್ದೇನೆ ಎಂದಷ್ಟೇ ಅವನು ತಿಳಿದಿದ್ದನು.

ಆಗ ಲಕ್ಕಜ್ಜಿ ಸೊಂಟ ನೆಟ್ಟಗೆ ಮಾಡಿ, ಹುಬ್ಬಿಗೆ ಕೈ ಅಡ್ಡ ಹಿಡಿದು, ಮೇಲೆ ನೋಡಿದಳು.

"ಕೇಳಪ್ಪಾ ಸೂರ್ಯ. ನಿನ್ನ ಹಾಗೆ ನಾನೂ ನಿಯಮದವಳು. ಗುಡಿಸುವುದು ನನ್ನ ನಿಯಮ. ಒಂದು ದಿನ ತಪ್ಪಿಸಿಲ್ಲ. ಅದರಿಂದ ಮಣ್ಣು ಸುಡುತ್ತಿದೆ ಎಂದು ಈಗ ಈ ಹುಳು ಹೇಳಿತು. ನಾನು ತಿದ್ದಿಕೊಂಡೆ. ಅಂಗಳವನ್ನು ನಾಳೆಯೂ ಗುಡಿಸುತ್ತೇನೆ, ಮಡಿಯನ್ನು ಗುಡಿಸುವುದಿಲ್ಲ. ನಿಯಮ ಹೋಗಲಿಲ್ಲ, ಅದರ ಜಾಗ ಸರಿಯಾಯಿತು. ಈ ಮುದುಕಿಯ ಕೈಲಾದದ್ದು ನಿನ್ನ ಕೈಲಾಗದೆ?"

ತೋಟವೆಲ್ಲ ಉಸಿರು ಹಿಡಿಯಿತು. ಗಾಳಿಯೂ ಬೀಸಲಿಲ್ಲ.

ಸೂರ್ಯ ಕೇಳಿದನು. ದನಿ ತಗ್ಗಿತ್ತು. "ಹಾಗಾದರೆ, ಕುಂಬಳವೇ, ನಿನ್ನ ಮಗುವನ್ನು ನಾನು ಯಾವಾಗ ನೋಡಲಿ?"

"ಬೆಳಿಗ್ಗೆ ಬಂದೊಡನೆ ನೋಡು. ಸಂಜೆ ಹೊರಡುವಾಗ ನೋಡು. ಆಗ ನಿನ್ನ ಕೈ ಮೃದುವಾಗಿರುತ್ತದೆ."

"ಆಗಲಿ," ಎಂದನು ಸೂರ್ಯ. "ನಾಳೆಯೂ ನಿನಗೆ ಬೆಳಕುಂಟು. ನಾನು ನೆತ್ತಿಯ ಮೇಲಿರುವಾಗ ನೀನು ಬಾಗಬಹುದು. ಆದರೆ ನಾನು ಹೊರಡುವ ಹೊತ್ತಿಗೆ ಎದ್ದು ನಿಂತಿರಬೇಕು. ನಿಂತಿದ್ದರೆ ಮಗು ಕ್ಷೇಮವೆಂದು ತಿಳಿದು ಹೋಗುತ್ತೇನೆ."

"ಒಂದು ವೇಳೆ ಏಳಲಾಗದಿದ್ದರೆ?"

"ಆಗ ನಿನಗೆ ನಿಜವಾಗಿ ಬಾಯಾರಿದೆ ಎಂದು ಅಜ್ಜಿಗೆ ತಿಳಿಯುತ್ತದೆ. ಅವಳು ಕೊಡ ತರುತ್ತಾಳೆ."

ಲಕ್ಕಜ್ಜಿ ಬದುವಿನ ಮೇಲೆ ಕುಳಿತಳು. ಪಕ್ಕದಲ್ಲಿ ಅರ್ಧ ಕೊಡ ನೀರು. ಎದುರಿಗೆ ಜೋತುಬಿದ್ದ ಬಳ್ಳಿ. ಕೈ ಮತ್ತೆ ಮತ್ತೆ ಕೊಡದ ಕಡೆಗೆ ಹೋಗುತ್ತಿತ್ತು. ಅವಳು ಮತ್ತೆ ಮತ್ತೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಹತ್ತು ಕೊಡ ಹೊರುವುದು ಅವಳಿಗೆ ಕಷ್ಟವಾಗಿರಲಿಲ್ಲ. ಸುಮ್ಮನೆ ಕುಳಿತಿರುವುದು ಕಷ್ಟವಾಗಿತ್ತು.

"ಇನ್ನೂ ಎಷ್ಟು ಹೊತ್ತು?" ಎಂದಳು.

"ಇನ್ನೂ ಸ್ವಲ್ಪ," ಎಂದಿತು ಎರೆಹುಳು, ತರಗಿನ ಕೆಳಗಿನಿಂದ.

ಬಿಸಿಲು ಹೊಳೆಯ ಆಚೆ ದಡಕ್ಕೆ ಸರಿಯಿತು. ಮೊದಲು ಒಂದು ಎಲೆಯ ಅಂಚು ಅಲುಗಿತು. ಅನಂತರ ಆ ಎಲೆ ಎದ್ದಿತು. ಅದರ ಪಕ್ಕದ್ದು ಎದ್ದಿತು. ಸೂರ್ಯ ಹೊರಡುವ ಹೊತ್ತಿಗೆ ಬಳ್ಳಿಯ ಅಷ್ಟೂ ಎಲೆಗಳು ಅಂಗೈ ಬಿಚ್ಚಿ ನೆಟ್ಟಗೆ ನಿಂತಿದ್ದವು. ಅವುಗಳ ನಡುವೆ ಮಿಡಿ ಕುಳಿತಿತ್ತು, ಮತ್ತೆ ಹಸಿರಾಗಿ. ಸೂರ್ಯ ಅದನ್ನು ಒಮ್ಮೆ ಮೆಲ್ಲನೆ ಮುಟ್ಟಿ ಹೋದನು.

ಲಕ್ಕಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೂಳು," ಎಂದಳು ಗಾಳಿಗೆ. ಗಾಳಿ ಅಂದು ದೂಳು ತಂದಿರಲಿಲ್ಲ.

ಮಣ್ಣು ತಣಿದ ಮೇಲೆ ಅವಳು ತರಗನ್ನು ಸರಿಸಿ, ಉಳಿದ ನೀರನ್ನು ಬುಡಕ್ಕೇ ಹೊಯ್ದಳು. ಅಂದಿನಿಂದ ಬೇಸಗೆ ಮುಗಿಯುವ ತನಕ ಹಾಗೆಯೇ ಮಾಡಿದಳು. ಮಿಡಿ ಕಾಯಾಯಿತು, ಕಾಯಿ ಬಲಿತು ಇಬ್ಬರು ಹೊರುವಷ್ಟಾಯಿತು. ಕೊಯ್ದು ಹೋಳು ಮಾಡಿದಾಗ ಒಳಗೆ ಲೋಕದ ಎಲ್ಲ ತೋಟಗಳಿಗೂ ಸಾಲುವಷ್ಟು ಬೀಜವಿತ್ತು. ಒಂದೊಂದು ಬೀಜಕ್ಕೂ ಸೂರ್ಯನ ಮಾತು ನೆನಪಿತ್ತು.

ಆದುದರಿಂದ, ಮಗು, ಬೇಸಗೆಯ ಮಧ್ಯಾಹ್ನ ನಮ್ಮ ಹಿತ್ತಿಲ ಕುಂಬಳದ ಎಲೆಗಳು ಜೋತುಬಿದ್ದದ್ದು ಕಂಡರೆ ಕೊಡ ಹಿಡಿದು ಓಡಬೇಡ. ಕೆಳಗಿಟ್ಟು ಕುಳಿತುಕೋ, ಏಕೆಂದರೆ ಆ ಎಲೆಗಳು ಇಂದಿಗೂ ತಮ್ಮ ಮಗುವಿಗೆ ನೆರಳು ಹಿಡಿದಿರುತ್ತವೆ, ಮತ್ತು ಸೂರ್ಯ ಹೊರಡುವ ಹೊತ್ತಿಗೆ, ಕೊಟ್ಟ ಮಾತಿನಂತೆ, ಒಂದೊಂದಾಗಿ ಎದ್ದು ನಿಲ್ಲುತ್ತವೆ.