ದಣಿಯದ ಓಟಗಾರ

“ಗುರುಗಳೇ, ದಣಿವನ್ನು ಗೆದ್ದವನನ್ನು ಸಿದ್ಧ ಎನ್ನಬಹುದೇ?” ಎಂದು ಮಹಾಂತಯ್ಯ ಕೇಳಿದ.

ಕೇಳಿದ್ದು ತನ್ನ ವಿಷಯವನ್ನೇ ಎಂದು ಮಠದಲ್ಲಿ ಎಲ್ಲರಿಗೂ ಗೊತ್ತಾಯಿತು. ಏಳು ವರ್ಷಗಳಿಂದ ಅವನು ಮೂರು ಹೊತ್ತಿನ ಸ್ನಾನ, ಮೂರು ಹೊತ್ತಿನ ಪೂಜೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಪೂಜೆ ಮುಗಿಸಿ ನಾಲ್ಕು ಊರು ತಿರುಗಿ ಪ್ರವಚನ ಹೇಳಿ ಬಂದರೂ ಅವನ ಮುಖ ಬಾಡುತ್ತಿರಲಿಲ್ಲ. ಅವನ ಸ್ನಾನಕ್ಕೆ ನೀರು, ಪೂಜೆಗೆ ಹೂವು ಹೊತ್ತು ತರುವ ಮಿಕ್ಕ ಶಿಷ್ಯರು ಮಧ್ಯಾಹ್ನಕ್ಕೇ ಆಕಳಿಸುವುದನ್ನು ಕಂಡರೆ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕೂತುಕೋ, ನಿನ್ನಂಥವನೊಬ್ಬನ ಕತೆ ಹೇಳುತ್ತೇನೆ ಎಂದರು.

ಒಂದು ನಾಡಿನಲ್ಲಿ ನಾಲ್ವರ ತಂಡವೊಂದಿತ್ತು. ಕೆರೆಯ ಏರಿ ಒಡೆದರೆ, ಊರಿಗೆ ಬೆಂಕಿ ಬಿದ್ದರೆ, ಕೊಟ್ಟಿಗೆಗೆ ಹುಲಿ ನುಗ್ಗಿದರೆ ಜನ ದೇವರಿಗಿಂತ ಮೊದಲು ಇವರನ್ನು ಕೂಗುತ್ತಿದ್ದರು. ಒಬ್ಬ ಓಟಗಾರ. ಒಲೆಯ ಮೇಲಿಟ್ಟ ಅನ್ನ ಬೇಯುವುದರೊಳಗೆ ಹತ್ತು ಹರದಾರಿ ಓಡುವವನು. ಇನ್ನೊಬ್ಬ ಜಟ್ಟಿ. ಎತ್ತುಗಳ ಸಮೇತ ಗಾಡಿಯನ್ನು ಎತ್ತಿ ಆಚೆ ಇಡುವವನು. ಮೂರನೆಯವಳು ಆಲಿಸುವವಳು. ಎಷ್ಟೋ ದೂರದ ಊರಿನಲ್ಲಿ ಮಗು ಬಿಕ್ಕಿದರೂ ಅವಳಿಗೆ ಕೇಳಿಸುತ್ತಿತ್ತು. ನಾಲ್ಕನೆಯವಳು ಇವರಿಗೆಲ್ಲ ಹಿರಿಯಳು. ಮೂವರೂ ಅವಳನ್ನು ಅಕ್ಕ ಎನ್ನುತ್ತಿದ್ದರು.

ಈ ಅಕ್ಕ ಏನು ಮಾಡುತ್ತಾಳೆ ಎಂದು ಜನರಿಗೆ ತಿಳಿಯದು. ಅವಳು ಮನೆಯಲ್ಲಿ ಗೋಡೆಗೊರಗಿ ಕೂತಿರುತ್ತಿದ್ದಳು. ಸನ್ಮಾನ, ಮೆರವಣಿಗೆ ಎಂದರೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಹಾರವೆಲ್ಲ ಬೀಳುತ್ತಿದ್ದದ್ದು ಹೆಚ್ಚಾಗಿ ಓಟಗಾರನ ಕೊರಳಿಗೆ. ಇವನಿಗೆ ದಣಿವೆಂಬುದೇ ಇಲ್ಲ ಎಂದು ಜನ ಹೊಗಳುವುದನ್ನು ಕೇಳಿ ಕೇಳಿ, ಕೊನೆಗೆ ಅವನೂ ಅದನ್ನು ನಂಬಿಬಿಟ್ಟಿದ್ದ.

ಒಂದು ಬೆಳಗಿನ ಜಾವ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ಮೈ ತಣ್ಣಗಾಗಿತ್ತು, ಉಸಿರು ಎಳೆದೆಳೆದು ಬರುತ್ತಿತ್ತು. ವೈದ್ಯನೊಬ್ಬ ಬಂದು ನಾಡಿ ಹಿಡಿದು ನೋಡಿದ. ಇದು ದುಡಿದು ದುಡಿದು ಸೋತ ಎತ್ತಿನ ನಾಡಿ, ಮನೆಯಲ್ಲಿ ಕೂತವಳಿಗೆ ಹೇಗೆ ಬಂತೋ ತನಗೆ ಅರ್ಥವಾಗದು ಎಂದ. ಎಂಬತ್ತು ಹರದಾರಿ ಆಚೆಯ ಬೆಟ್ಟದಲ್ಲಿ ಒಂದು ಬೇರಿದೆ, ಹೊತ್ತು ಮುಳುಗುವುದರೊಳಗೆ ತಂದು ಅರೆದು ಕುಡಿಸಿದರೆ ಉಳಿದಾಳು, ಇಲ್ಲವಾದರೆ ಇಲ್ಲ ಎಂದ.

ವೈದ್ಯನ ಮಾತು ಮುಗಿಯುವ ಮೊದಲೇ ಓಟಗಾರ ಬೀದಿ ದಾಟಿದ್ದ. ಪಕ್ಕದ ಮನೆಯವಳು ಅಕ್ಕನ ಬಳಿ ಕೂತಳು. ಉಳಿದಿಬ್ಬರು ಮೂರು ಹರದಾರಿ ದೂರದ ಹೊಳೆಯ ದಂಡೆಗೆ ನಡೆದರು. ಓಟಗಾರ ದಾಟಿ ಹೋದ ಮೇಲೆ ಅಲ್ಲಿಯ ಮರದ ಕಾಲುಸಂಕ ಕೊಚ್ಚಿಹೋದ ಸದ್ದು ಆಲಿಸುವವಳಿಗೆ ಕೇಳಿಸಿತ್ತು. ಜಟ್ಟಿ ದೊಡ್ಡ ಮರವೊಂದನ್ನು ಉರುಳಿಸಿ ಹೊಳೆಗೆ ಅಡ್ಡ ಹಾಕಿದ. ಈಚೆಯ ದಂಡೆ ಕುಸಿಯುತ್ತಿದ್ದುದರಿಂದ ಮರದ ತುದಿಯನ್ನು ತನ್ನ ಹೆಗಲ ಮೇಲೆ ಹೊತ್ತು ನಿಂತ. ಆಲಿಸುವವಳು ಕಣ್ಣು ಮುಚ್ಚಿ ಕೂತಳು. ಒಂದು ಕಡೆಯಿಂದ ಅಕ್ಕನ ಉಸಿರು, ಇನ್ನೊಂದು ಕಡೆಯಿಂದ ಓಟಗಾರನ ಹೆಜ್ಜೆ, ಎರಡೂ ಅವಳಿಗೆ ಕೇಳಿಸುತ್ತಿದ್ದವು.

ಓಟಗಾರ ಆ ದಿನ ಓಡಿದಂತೆ ಹಿಂದೆಂದೂ ಓಡಿರಲಿಲ್ಲ. ನೀರು ಕುಡಿಯಲಿಲ್ಲ, ಹಿಂದೆ ತಿರುಗಿ ನೋಡಲಿಲ್ಲ. ಅಕ್ಕ ಸತ್ತರೆ ಎಂಬ ಮಾತು ಮನಸ್ಸಿಗೆ ಬಂದಾಗಲೆಲ್ಲ ಓಟ ಇನ್ನಷ್ಟು ಬಿರುಸಾಯಿತು. ಬೆಟ್ಟ ತಲುಪಿ, ಮಂಡಿಯೂರಿ ಕೂತು ಬೇರು ಅಗೆದು, ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ಓಡಿದ. ಹೊಳೆಗೆ ಬಂದಾಗ ಸೂರ್ಯ ಇನ್ನೂ ಮರಗಳ ಮೇಲಿದ್ದ. ಗೆದ್ದೆ ಎಂದುಕೊಂಡು ಮರದ ಮೇಲೆ ಕಾಲಿಡಲು ಹೋದ.

ಆಚೆ ದಂಡೆಯಿಂದ ಆಲಿಸುವವಳು ಕೂಗಿದಳು. “ನಿಲ್ಲೋ. ಇನ್ನೊಂದು ಹೆಜ್ಜೆ ಇಡಬೇಡ.”

ಅವಳಿಗೆ ತಲೆ ಕೆಟ್ಟಿತೇ ಎಂದು ಜಟ್ಟಿ ರೇಗಿದ. ಅವಳು ಅವನ ಕಡೆ ನೋಡಲಿಲ್ಲ.

“ಬೆಳಗಿನಿಂದ ಕೇಳ್ತಾ ಕೂತಿದೀನಿ. ನೀನು ಓಡಿದಷ್ಟು ಹೊತ್ತೂ ಅಕ್ಕನ ಉಸಿರು ಸಿಕ್ಕಿಕೊಳ್ಳುತ್ತೆ. ಬೇರು ಅಗೆಯೋಕೆ ಕೂತೆಯಲ್ಲ, ಆಗ ಮಾತ್ರ ಸಲೀಸಾಗಿ ಆಡಿತು. ಈಗ ನಿಂತಿದೀಯ, ಈಗಲೂ ಆಡ್ತಾ ಇದೆ.”

ಓಟಗಾರನಿಗೆ ಸಿಟ್ಟು ಬಂತು. ಕಾಯಿಲೆಯೆಂದ ಮೇಲೆ ಉಸಿರು ಏರುತ್ತದೆ, ಇಳಿಯುತ್ತದೆ. ಅದಕ್ಕೂ ತನ್ನ ಕಾಲಿಗೂ ಏನು ಸಂಬಂಧ ಎಂದುಕೊಂಡ. ನೋಡೇಬಿಡೋಣ ಎಂದು ದಂಡೆಗುಂಟ ಒಂದು ಹುಣಸೆಮರದವರೆಗೆ ಓಡಿ ತಿರುಗಿದ. ಆಲಿಸುವವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನು ನಿಂತ. ಅವಳು ಬಹಳ ಹೊತ್ತಿನ ಮೇಲೆ ಕೈ ತೆಗೆದು, ಉಸಿರು ನಿಂತೇಹೋಗಿತ್ತು, ಈಗ ಮತ್ತೆ ಬಂತು ಎಂದಳು.

ಓಟಗಾರ ತನ್ನ ಕಾಲು ನೋಡಿಕೊಂಡ. ಅಂಗಾಲಿನಲ್ಲಿ ಮುಳ್ಳು ಮುರಿದಿತ್ತು, ಹಿಮ್ಮಡಿ ಸೀಳಿ ರಕ್ತ ಹರಿಯುತ್ತಿತ್ತು. ನೋವು ಮಾತ್ರ ಇರಲಿಲ್ಲ. ಅದು ಯಾಕಿಲ್ಲ ಎಂದು ಅವನು ಎಷ್ಟೋ ವರ್ಷಗಳಿಂದ ಕೇಳಿಕೊಂಡೇ ಇರಲಿಲ್ಲ.

ಆಗ ಅವನಿಗೆ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ, ತಂಡ ಕಟ್ಟಿದ ದಿನ, ಅಕ್ಕ ಮೂವರನ್ನೂ ಕೂರಿಸಿಕೊಂಡು ಹೇಳಿದ್ದಳು: ನೀವು ಊರು ಕಾಯಿರಿ, ನಿಮ್ಮ ದಣಿವು, ನೋವು ನನಗಿರಲಿ, ಬೇಕಾದ ದಿನ ಕೇಳಿ, ವಾಪಸು ಕೊಡುತ್ತೇನೆ. ಮೂವರೂ ಹೂಂ ಎಂದಿದ್ದರು. ಮೊದಲ ವರ್ಷ ಓಟಗಾರ ಓಡಿ ಬಂದಾಗಲೆಲ್ಲ ಕೂತು ಅವಳ ಕಾಲು ಒತ್ತುತ್ತಿದ್ದ. ಆಮೇಲೆ ಕೆಲಸ ಹೆಚ್ಚಿತು. ಆಮೇಲೆ ಹಾರ ತುರಾಯಿ ಹೆಚ್ಚಿದವು. ಕಾಲು ಒತ್ತುವುದು ಯಾವ ದಿನ ನಿಂತಿತೋ ಅವನಿಗೇ ಗೊತ್ತಿರಲಿಲ್ಲ.

ನಾಚಿಕೆಯಿಂದ ಅವನ ಮೈ ಹಿಡಿಯಾಯಿತು. ಆದರೆ ನಾಚಿಕೊಂಡು ಕೂರಲು ಹೊತ್ತಿರಲಿಲ್ಲ. ಓಡಿದರೆ ಮನೆ ಎಲೆ ಅಡಿಕೆ ಜಗಿದು ಮುಗಿಸುವಷ್ಟರ ದಾರಿ. ನಡೆದರೆ ಹೊತ್ತು ಮುಳುಗುತ್ತದೆ. ಆಲಿಸುವವಳ ಮಾತು ಸುಳ್ಳಾಗಿ ವೈದ್ಯನ ಮಾತು ನಿಜವಾದರೆ, ಬೇರನ್ನು ಸೊಂಟದಲ್ಲಿಟ್ಟುಕೊಂಡೇ ಅಕ್ಕನನ್ನು ಕೊಂದಂತಾಗುತ್ತದೆ. ಇನ್ನೂ ಒಂದು ಭಯ ಒಳಗಿತ್ತು. ಓಡಲಾಗದ ತನ್ನನ್ನು ಯಾರು ಕೇಳುತ್ತಾರೆ? ಅಕ್ಕ ಸಾಯುತ್ತಿರುವಾಗಲೂ ತನಗೆ ತನ್ನದೇ ಚಿಂತೆ ಬಂದಿತಲ್ಲ ಎಂದು ಅವನಿಗೆ ಹೇಸಿಕೆಯಾಯಿತು.

ಅವನು ಮನೆಯ ದಿಕ್ಕಿಗೆ ತಿರುಗಿ, “ಅಕ್ಕಾ, ನನ್ನದು ನನಗೆ ಕೊಡು” ಎಂದ.

ಹೇಳಿದ್ದೇ ತಡ, ಕುಸಿದು ಬಿದ್ದ. ಹನ್ನೆರಡು ವರ್ಷದ್ದೆಲ್ಲ ಬರಲಿಲ್ಲ, ಆ ಒಂದು ದಿನದ್ದು ಮಾತ್ರ ಬಂತು. ಅಷ್ಟಕ್ಕೇ ಅವನು ಮಣ್ಣು ಕಚ್ಚಿ ನರಳಿದ. ಅದನ್ನು ಕಂಡು ಜಟ್ಟಿಯೂ ತನ್ನದನ್ನು ಕೇಳಿದ. ಹೆಗಲ ಮೇಲಿನ ಮರ ಜಾರಿ ಹೊಳೆಗೆ ಬಿದ್ದು ತೇಲಿಹೋಯಿತು, ಅವನು ಸೊಂಟ ಹಿಡಿದುಕೊಂಡು ಕೂತ.

ಆಲಿಸುವವಳು ಮಾತ್ರ ಹಿಂದೆಮುಂದೆ ನೋಡಿದಳು. ತಾನೂ ತನ್ನ ದಣಿವನ್ನು ಕೇಳಿ ಪಡೆದರೆ, ಸೋತ ಕಿವಿಗೆ ಇನ್ನು ಅಕ್ಕನ ಉಸಿರು ಕೇಳಿಸುವುದಿಲ್ಲ, ಬದುಕಿದ್ದಾಳೋ ಇಲ್ಲವೋ ಮನೆ ಮುಟ್ಟುವವರೆಗೆ ತಿಳಿಯುವುದಿಲ್ಲ. ಕೊನೆಗೆ ಅವಳೂ ತನ್ನದನ್ನು ಕೇಳಿದಳು. ತಲೆ ಸಿಡಿದುಹೋಗುವಂತಾಗಿ ಎರಡೂ ಕೈಯಿಂದ ಹಿಡಿದುಕೊಂಡಳು.

ಜಟ್ಟಿ ಎದೆಮಟ್ಟದ ನೀರಿಗಿಳಿದು ಓಟಗಾರನ ಕೈ ಹಿಡಿದು ಈಚೆಗೆ ತಂದ. ಮೂವರೂ ನಡೆದರು. ಹೆಣ್ಣು ಮಕ್ಕಳು ಹುಲ್ಲುಹೊರೆ ಹೊತ್ತು ಅವರನ್ನು ದಾಟಿಕೊಂಡು ಹೋದರು. ಓಟಗಾರ ಅಲ್ಲಲ್ಲಿ ಕೂತ, ಎದ್ದ, ಮತ್ತೆ ಕೂತ. ಉಸಿರು ಆಡುತ್ತಿದೆಯೇ ಎಂದು ಆಲಿಸುವವಳನ್ನು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಅರ್ಧ ದಾರಿಯಲ್ಲಿ ಹೊತ್ತು ಮುಳುಗಿತು. ಮೂವರೂ ಅದನ್ನು ನೋಡಿ ಮುಂದೆ ನಡೆದರು.

ಮನೆಯಲ್ಲಿ ದೀಪ ಹಚ್ಚಿತ್ತು. ಒಳಗೆ ಹೋಗಲು ಮೂವರಿಗೂ ಧೈರ್ಯ ಸಾಲಲಿಲ್ಲ. ಓಟಗಾರನೇ ಬಾಗಿಲು ಹಿಡಿದುಕೊಂಡು ಹೊಸ್ತಿಲು ದಾಟಿದ. ಅಕ್ಕ ಗೋಡೆಗೊರಗಿ ಕೂತು, ಪಕ್ಕದ ಮನೆಯವಳು ಕೊಟ್ಟ ಗಂಜಿ ಕುಡಿಯುತ್ತಿದ್ದಳು. ಸಂಜೆಗೆ ಸ್ವಲ್ಪ ಮೊದಲು ಎದ್ದು ಕೂತು ಹಸಿವು ಎಂದಳಂತೆ. ಅವಳು ಓಟಗಾರನ ಊದಿದ ಕಾಲು ನೋಡಿ ಬಟ್ಟಲು ಕೆಳಗಿಟ್ಟು ಕೈ ಚಾಚಿದಳು. “ಇದೇನೋ ಹೀಗಾಗಿದೆ? ಕೊಡು ಇಲ್ಲಿ.”

ಓಟಗಾರ ಕಾಲು ಹಿಂದಕ್ಕೆ ಎಳೆದುಕೊಂಡ. ಇದು ನನ್ನದು ಅಕ್ಕ ಎಂದು ಹೇಳಿ, ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮಹಾಂತಯ್ಯ, ಆಮೇಲೆ ಅವನು ಓಡಲೇ ಇಲ್ಲವೇ ಎಂದು ಕೇಳಿದ. ಓಡಿದ, ದಣಿದಾಗ ಕೂತ ಎಂದರು ಗುರುಗಳು. ಮಹಾಂತಯ್ಯ ಕತೆ ತಿಳಿಯಿತೆಂಬಂತೆ ತಲೆಯಾಡಿಸಿ, ಸಂಜೆಯ ಪೂಜೆಗೆ ಹೊತ್ತಾಯಿತೆಂದು ಎದ್ದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: “ನಿನಗೆ ಆಗದ ದಣಿವು ಯಾರಿಗೆ ಆಗುತ್ತಿದೆ, ಮಹಾಂತಯ್ಯ?”