ಆ ಹನಿ ಯಾವ ಬಾವಿಯದು?

ಪೂಜ್ಯ ಮಂದರಕೀರ್ತಿ ಮುನಿಮಹಾರಾಜರು ಆ ವರ್ಷದ ಚಾತುರ್ಮಾಸಕ್ಕೆ ದೂಧಗಂಗಾ ದಂಡೆಯ ಸಣ್ಣ ಊರೊಂದರ ಬಸದಿಯಲ್ಲಿ ನೆಲೆಸಿದ್ದರು. ಪಡಸಾಲೆಯ ಕಲ್ಲುಹಾಸು, ಒಂದು ಚಾಪೆ, ನವಿಲುಗರಿಯ ಪಿಂಛಿ, ಕಮಂಡಲ. ಮಹಾರಾಜರ ಸಂಸಾರವೆಲ್ಲ ಇಷ್ಟೇ.

ಒಂದು ಬೆಳಿಗ್ಗೆ ಆ ಊರಿನ ಶಾಲೆಯ ವಿಜ್ಞಾನದ ಮಾಸ್ತರರಾದ ಭೂಪಾಲ ಚೌಗಲೆಯವರು ಅಲ್ಲಿಗೆ ಬಂದರು. ಅವರು ಬಸದಿಯ ಮೆಟ್ಟಿಲು ತುಳಿಯದೆ ಹತ್ತು ವರ್ಷವಾಗಿತ್ತು. ಒಂದು ಕಂಕುಳಲ್ಲಿ ಶಾಲೆಯ ಸೂಕ್ಷ್ಮದರ್ಶಕ, ಇನ್ನೊಂದು ತೋಳಿಗೆ ಒರಗಿದ್ದವರು ತಾಯಿ ಅಕ್ಕಾತಾಯಿ. ಆ ಹಿರಿಯರ ತುಟಿ ಒಡೆದಿತ್ತು. ಎರಡು ದಿನದಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ.

ಆದದ್ದು ಇಷ್ಟು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ಅಕ್ಕಾತಾಯಿ ನಲವತ್ತು ವರ್ಷದಿಂದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಜೈನರ ಮನೆಗಳ ಹಳೆಯ ಪದ್ಧತಿ ಇದು. ಅದೆಲ್ಲ ಮೂಢನಂಬಿಕೆ ಎಂದು ಸಾಧಿಸಲು ಮಗರಾಯರು ಸೋಸಿದ ನೀರಿನದೇ ಹನಿಯೊಂದನ್ನು ಯಂತ್ರದಡಿ ಇಟ್ಟು ತೋರಿಸಿದರು. ಅಲ್ಲಿ ಜೀವಗಳು ಗಿಜಿಗುಡುತ್ತಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. “ಇಷ್ಟು ವರ್ಷ ಇವನ್ನೆಲ್ಲ ಕುಡದ್ನೇನೋ ಭೂಪಾ,” ಎಂದ ತಾಯಿ ನಂಬಿಕೆ ಬಿಡುವ ಬದಲು ನೀರನ್ನೇ ಬಿಟ್ಟರು.

“ಮಹಾರಾಜರ, ಈ ಯಂತ್ರ ಸುಳ್ಳು ಅಂತ ಒಂದ್ಮಾತು ಹೇಳ್ರಿ. ನಿಮ್ಮ ಮಾತು ಆಕಿ ಮೀರಾಂಗಿಲ್ಲ,” ಎಂದು ಮಾಸ್ತರರು ಕೈಮುಗಿದರು. ವಿಜ್ಞಾನ ಕಲಿಸುವವರೇ ಅದನ್ನು ಸುಳ್ಳೆನ್ನಿರೆಂದು ಬೇಡಿಕೊಂಡರು! ತಾಯಿಯ ಜೀವ ಅಷ್ಟು ದೊಡ್ಡದು.

ಮಹಾರಾಜರು ಹನಿಯನ್ನು ತೋರಿಸೆಂದು ಸನ್ನೆ ಮಾಡಿದರು. ಮಾಸ್ತರರು ಸೀಸೆಯಲ್ಲಿ ತಂದಿದ್ದ ನೀರಿನ ಹನಿಯೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟಾಗ, ಮಹಾರಾಜರು ಬಾಗಿ ಯಂತ್ರದಲ್ಲಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ತಲೆ ಎತ್ತಿದಾಗ ಅವರ ಮುಖದಲ್ಲಿ ನೆಂಟರನ್ನು ಕಂಡಂಥ ಹಿಗ್ಗಿತ್ತು.

“ಇದು ಯಾವ ಬಾವಿ ನೀರು?”

“ಇಲ್ಲೇ, ಬಸದಿ ಹಿಂದಿನ ಬಾವೀದು ರೀ.”

“ಹನಿ ಆರಾಕತ್ತೈತಿ. ಮೊದಲು ಇವನ್ನ ಬಾವಿಗೆ ಬಿಟ್ಟು ಬಾರಪ್ಪ.”

ಮಾಸ್ತರರು ಗಾಜಿನ ಪಟ್ಟಿ ಹಿಡಿದು ಓಡಿದರು. ಇಷ್ಟು ವರ್ಷ ಪಾಠ ಮುಗಿದೊಡನೆ ಇಂಥ ಹನಿಗಳನ್ನು ಚಿಂದಿಯಲ್ಲಿ ಒರೆಸಿ ಬಿಸಾಡಿದ್ದವರು ಅವರು. ಗಾಜನ್ನು ಬಾವಿಕಟ್ಟೆಯ ಮೇಲಿದ್ದ ಕೊಡದ ನೀರಲ್ಲಿ ಅದ್ದಿ, ಕೊಡವನ್ನು ಮೆಲ್ಲಗೆ ಬಾವಿಗಿಳಿಸುವಾಗ, ತಾಯಿ ಹೀಗೇ ಇಳಿಸುತ್ತಿದ್ದದ್ದು ಅವರಿಗೆ ನೆನಪಾಯಿತು.

ಅವರು ಮರಳಿದ ಮೇಲೆ ಮಹಾರಾಜರು ಕೇಳಿದರು: “ಇವನ್ನ ಮೊದಲು ಕಂಡಾವ ಯಾರು?”

“ಹಾಲೆಂಡಿನ ಒಬ್ಬ ಅರಿವಿ ವ್ಯಾಪಾರಿ ರೀ. ಮುನ್ನೂರು ವರ್ಷದ ಮ್ಯಾಲ ಆತು. ಬಟ್ಟಿ ನೇಯ್ಗಿ ನೋಡಾಕ ಗಾಜು ಇಟ್ಕೊಂಡಿದ್ದ. ಅದನ್ನ ಸುಧಾರಿಸ್ಕೋತ ಹೋಗಿ, ಕೆರಿ ನೀರಿನ್ಯಾಗ ಇವನ್ನ ಕಂಡ.”

ಮಹಾರಾಜರು ಅಕ್ಕಾತಾಯಿಯ ಕಡೆ ತಿರುಗಿದರು. “ಕೇಳಿದ್ಯಾ ತಾಯಿ? ಅರಿವಿ ಮಾರಾಂವ ಕಂಡ. ನೀ ಅರಿವಿ ಹಿಡದು, ಕಾಣದೇನ ಕಾಪಾಡಿದಿ. ಈ ಯಂತ್ರ ಖರೇನ ಹೇಳತೈತಿ. ಕಂಡ ಮ್ಯಾಲ ಕೈ ಬಿಡತಾರೇನು? ಅರಿವಿ ಇನ್ನೆರಡು ಮಡಿಕಿ ಮಾಡು.”

ಅಕ್ಕಾತಾಯಿ ಸೆರಗು ಬಿಗಿದು ಎದ್ದರು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬಾವಿಯ ನೀರು ಸೋಸಿ ತಂದರು. ಮಗ ಅದರ ಹನಿಯನ್ನು ಯಂತ್ರದಡಿ ಇಟ್ಟು ಎಣಿಸಿದರು. “ಭಾಳ ಕಡಿಮಿ ಆಗ್ಯಾವ ಯವ್ವಾ. ಪೂರಾ ಹೋಗಿಲ್ಲ.” ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ತಾಯಿ ಮಹಾರಾಜರ ಮುಖ ನೋಡಿದರು.

“ಕೈಲಾದಷ್ಟು ಎಚ್ಚರ ನಮ್ಮದು. ಉಳಿದದ್ದಕ್ಕ ಕ್ಷಮಾ ಕೇಳಿ ಕುಡಿ.”

ಅಕ್ಕಾತಾಯಿ ಯಂತ್ರದ ಕಡೆಗೆ ಕೈಮುಗಿದು, ತಂಬಿಗೆ ಎತ್ತಿ ಗಟಗಟ ಕುಡಿದರು. ಕುಡಿದು, ತುಟಿ ಒರೆಸಿಕೊಂಡು, ಮಗನಿಗಾಗಿ ಸುತ್ತ ನೋಡಿದರು. ಭೂಪಾಲ ಮಾಸ್ತರರು ಅಲ್ಲಿರಲಿಲ್ಲ. ಈ ಸಲ ಯಾರೂ ಹೇಳಿರಲಿಲ್ಲ. ಹನಿ ಆರುವ ಮುನ್ನ ಗಾಜಿನ ಪಟ್ಟಿ ಹಿಡಿದು ಬಾವಿಯ ಕಡೆ ಓಡಿದ್ದರು.